ಲಂಗದ ಲಾಡಿ ಸಾಲದಾದಾಗ



ಈ ಸಲ ಮಾವಿನಕಾಯಿ ಉಪ್ಪಿನಕಾಯಿ ಬೂಸಲು ಹಿಡಿಯದಂತೆ ಇಡುವುದು ಹೇಗೆ ಎಂದು ಬರೆಯುತ್ತೇನೆಂದು ಹೋದ ಸಂಚಿಕೆಯಲ್ಲಿ ಮಾತು ಕೊಟ್ಟಿದ್ದೆ. ಅದು ಹದಿನೈದು ದಿನ ಕಾಯಲಿ. ಇವತ್ತು ಬೇರೆಯೇ ವಿಷಯ ಬರೆಯಲು ಕೂತಿದ್ದೇನೆ. ನಾವು ಹೆಂಗಸರು ಒಬ್ಬರಿಗೊಬ್ಬರು ಸಹ ಬಾಯಿಬಿಟ್ಟು ಹೇಳಿಕೊಳ್ಳದ ವಿಷಯ. ಹೇಳಿಕೊಳ್ಳದೇ ಇದ್ದುದರಿಂದ ನಮ್ಮ ಮನೆಯಲ್ಲಿ ಏನಾಗುತ್ತಿತ್ತು ಎಂಬುದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾಗಿ, ಇಪ್ಪತ್ತೈದು ವರ್ಷದಿಂದ ಒಲೆ ಮುಂದೆ ನಿಂತವಳು. ಅಕ್ಕನ ಜೊತೆ ಆಸ್ಪತ್ರೆ ಅಲೆದು, ಡಾಕ್ಟರಮ್ಮನವರನ್ನು ಬೇಸರವಾಗುವಷ್ಟು ಕೇಳಿ ಕೇಳಿ ತಿಳಿದುಕೊಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಕ್ಕ ತಿಪಟೂರಿನ ಹತ್ತಿರದ ಹಳ್ಳಿಯವಳು. ಐವತ್ತಾರು ವಯಸ್ಸು. ಮುಟ್ಟು ನಿಂತು ಐದಾರು ವರ್ಷವಾಗಿದೆ. ಭಾವನವರದು ತೆಂಗಿನ ತೋಟ, ಕೊಬ್ಬರಿ ವ್ಯವಹಾರ. ಹೋದ ವರ್ಷ ದೀಪಾವಳಿಗೆ ಅಕ್ಕ ನಮ್ಮನೆಗೆ ಬಂದಿದ್ದಳು. ಎಣ್ಣೆಸ್ನಾನ ಮುಗಿಸಿ ಸೀರೆ ಉಡುವಾಗ ಕೂಗಿ ಕರೆದಳು. "ಲೇ, ಲಂಗದ ಲಾಡಿ ಗಂಟಿಗೇ ಸಾಲ್ತಿಲ್ಲ ಕಣೆ, ಒಂದು ಉದ್ದದ್ದು ಇದ್ರೆ ಕೊಡು" ಅಂದಳು. ನೋಡಿದರೆ ಹೊಟ್ಟೆ ಮುಂದೆ ಬಂದಿದೆ, ಮುಖ ಮಾತ್ರ ಬತ್ತಿದೆ. ನಾನು ಆಗ ಏನು ಮಾಡಿದೆ ಗೊತ್ತೇ? ನಕ್ಕೆ. "ಕೊಬ್ಬರಿ ಮಿಠಾಯಿ ಜಾಸ್ತಿ ಆಯ್ತು ಬಿಡಕ್ಕ, ಮನೇಲೇ ಮಾಲಿದೆಯಲ್ಲ" ಎಂದು ಎಲ್ಲರೆದುರಿಗೂ ತಮಾಷೆ ಮಾಡಿದೆ. ಅಕ್ಕನೂ ನಕ್ಕಳು. ಆ ನಗು ಈಗಲೂ ನನ್ನನ್ನು ಚುಚ್ಚುತ್ತದೆ.

ಹೊಟ್ಟೆ ದಪ್ಪಗಾದರೆ ಇಡೀ ಮೈ ದಪ್ಪಗಾಗಬೇಕಲ್ಲವೇ? ಕೈಕಾಲು ಸಣ್ಣಗಾಗಿ ಹೊಟ್ಟೆಯೊಂದೇ ಬೆಳೆಯುತ್ತಿದ್ದರೆ ಅದು ಮಿಠಾಯಿಯ ಕೆಲಸವಲ್ಲ. ಇಷ್ಟು ಸಣ್ಣ ವಿಷಯ ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ. ಎರಡು ತುತ್ತು ತಿಂದರೆ ಹೊಟ್ಟೆ ತುಂಬಿದ ಹಾಗೆ, ಪದೇ ಪದೇ ಮೂತ್ರಕ್ಕೆ ಹೋಗಬೇಕೆನ್ನುವ ಹಾಗೆ, ಸೊಂಟದ ಕೆಳಗೆ ಭಾರ. ಎಲ್ಲವನ್ನೂ ಗ್ಯಾಸು ಎಂದುಕೊಂಡು ಜೀರಿಗೆ ಕಷಾಯ ಕುಡಿದುಕೊಂಡೇ ಇದ್ದಳು.

ಸಂಕ್ರಾಂತಿ ಹೊತ್ತಿಗೆ ಕೊಬ್ಬರಿ ಅಟ್ಟದ ಏಣಿ ಹತ್ತಿದರೆ ಏದುಸಿರು ಬರತೊಡಗಿತು. ಭಾವನವರು ಆಸ್ಪತ್ರೆಗೆ ಕರೆದುಕೊಂಡು ಹೋದರು. ಎಕ್ಸ್‌ರೇಯಲ್ಲಿ ಬಲಗಡೆ ಶ್ವಾಸಕೋಶದ ಸುತ್ತ ನೀರು ತುಂಬಿರುವುದು ಕಾಣಿಸಿತು. ಸೂಜಿ ಹಾಕಿ ನೀರು ತೆಗೆದರು. ನಮ್ಮ ದೇಶದಲ್ಲಿ ಹೀಗೆ ನೀರು ತುಂಬಿದರೆ ಮೊದಲು ಅನುಮಾನ ಬರುವುದು ಟಿ.ಬಿ. ಮೇಲೆ. ಪರೀಕ್ಷೆ ಮಾಡಿದರು, ಟಿ.ಬಿ. ಸಿಗಲಿಲ್ಲ. ನೀರಿನಲ್ಲಿ ಕ್ಯಾನ್ಸರಿನ ಕಣಗಳೂ ಕಾಣಲಿಲ್ಲ. ಮನೆಗೆ ಬಂದು ಮೂರು ವಾರಕ್ಕೆ ಮತ್ತೆ ನೀರು ತುಂಬಿತು.

ಎರಡನೆಯ ಸಲ ಹೋದಾಗ ಅಲ್ಲೊಬ್ಬರು ಡಾಕ್ಟರಮ್ಮ ಇದ್ದರು, ಚಿಕ್ಕ ವಯಸ್ಸಿನವರು. ಎದೆಯ ಫೋಟೋ ನೋಡಿದ ಮೇಲೆ ಅಕ್ಕನನ್ನು ಮಲಗಿಸಿ ಹೊಟ್ಟೆ ಮೇಲೆ ಕೈಯಿಟ್ಟು ಒತ್ತಿ ನೋಡಿದರು. "ಅಮ್ಮಾ, ಮುಟ್ಟು ನಿಂತು ಎಷ್ಟು ವರ್ಷ ಆಯ್ತು? ಹೊಟ್ಟೆ ಯಾವಾಗಿಂದ ಹೀಗಿದೆ?" ಎಂದು ಕೇಳಿದರು. ಅದುವರೆಗೂ ಅಕ್ಕ ಹೊಟ್ಟೆಯ ವಿಷಯ ಯಾರ ಹತ್ತಿರವೂ ಎತ್ತಿರಲಿಲ್ಲ. ಉಸಿರಾಟಕ್ಕೆಂದು ಹೋದವಳು ಹೊಟ್ಟೆಯ ಮಾತು ಯಾಕೆ ಆಡಬೇಕು ಎಂದುಕೊಂಡಿದ್ದಳಂತೆ! ಅದೇ ದಿನ ಸ್ಕ್ಯಾನ್ ಆಯಿತು. ಎಡಗಡೆಯ ಅಂಡಾಶಯದಲ್ಲಿ 13 ಸೆಂಟಿಮೀಟರಿನ ಗಟ್ಟಿ ಗಡ್ಡೆ, ಹೊಟ್ಟೆಯೊಳಗೂ ನೀರು.

ಅಂಡಾಶಯ ಎಂದರೆ ಗರ್ಭಕೋಶದ ಎರಡೂ ಪಕ್ಕ ಇರುವ, ಬಾದಾಮಿ ಆಕಾರದ ಪುಟ್ಟ ಅಂಗ. ಮಕ್ಕಳಾಗುವ ವಯಸ್ಸಿನಲ್ಲಿ ಸುಮಾರು 3 ಸೆಂಟಿಮೀಟರ್ ಉದ್ದವಿರುತ್ತದೆ, ಮುಟ್ಟು ನಿಂತ ಮೇಲೆ ಇನ್ನೂ ಮುದುಡಿಕೊಳ್ಳುತ್ತದೆ. ಅಂಥದ್ದರಲ್ಲಿ ಸುಲಿದ ತೆಂಗಿನಕಾಯಿ ಗಾತ್ರದ ಗಡ್ಡೆ ಎಂದರೆ!

ಆಮೇಲೆ ರಕ್ತ ಪರೀಕ್ಷೆ. ಸಿಎ-125 ಎಂದು ಅದರ ಹೆಸರು. ಸಾಮಾನ್ಯವಾಗಿ 35ರ ಒಳಗಿರಬೇಕು. ಅಕ್ಕನದು 412 ಬಂತು. ಭಾವನವರ ಮಗ ಅದನ್ನು ಮೊಬೈಲಿನಲ್ಲಿ ಹುಡುಕಿ ನೋಡಿ, ಮುಖ ಕಪ್ಪಿಟ್ಟು, ಅಪ್ಪನ ಕಿವಿಯಲ್ಲಿ ಏನೋ ಹೇಳಿದ. ಸಾವಿರ ಕಾಯಿಯ ಲೆಕ್ಕ ಬಾಯಲ್ಲೇ ಹಾಕುವ ಭಾವನವರು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಅವತ್ತು ರಾತ್ರಿ ಮನೆಯಲ್ಲಿ ಸಭೆಯೇ ಸೇರಿತು. "ಅವಳಿಗೆ ಮಾತ್ರ ಹೇಳ್ಬೇಡಿ" ಎಂದರು ಒಬ್ಬರು. "ಈ ವಯಸ್ಸಿಗೆ ಯಾಕೆ ಕೊಯ್ಸೋದು? ಇರೋ ಅಷ್ಟು ದಿನ ನೆಮ್ಮದಿಯಾಗಿರ್ಲಿ" ಎಂದರು ಇನ್ನೊಬ್ಬರು. "ಕ್ಯಾನ್ಸರಿಗೆ ಕತ್ತಿ ಸೋಕಿಸಿದ್ರೆ ಮೈಯೆಲ್ಲಾ ಹರಡುತ್ತೆ, ನಾಟಿ ಔಷಧಿ ಕೊಡಿಸೋಣ" ಎಂದು ಮತ್ತೊಬ್ಬ ಹಿರಿಯರು. ನಾನು? ನಾನೂ ತಲೆಯಾಡಿಸಿದೆ. ಕ್ಯಾನ್ಸರೇ ಎಂದು ಯಾವ ಡಾಕ್ಟರೂ ಹೇಳಿರಲಿಲ್ಲ. "ಅನುಮಾನ ಇದೆ, ತೆಗೆದು ನೋಡದೆ ಹೇಳೋಕಾಗಲ್ಲ" ಎಂದಷ್ಟೇ ಹೇಳಿದ್ದರು. ನಾವು ಮಾತ್ರ ಒಂದು ಅಂಕಿ ನೋಡಿ ತೀರ್ಪು ಬರೆದುಬಿಟ್ಟಿದ್ದೆವು.

ಬೆಳಿಗ್ಗೆ ಕಾಫಿ ಕೊಡಲು ಹೋದರೆ ಅಕ್ಕ ಹಾಸಿಗೆ ಮೇಲೆ ಒಡವೆಗಳನ್ನು ಹರಡಿಕೊಂಡು ಕೂತಿದ್ದಾಳೆ. ಮೂರು ಗಂಟು ಕಟ್ಟಿ, ಒಂದೊಂದಕ್ಕೂ ಚೀಟಿ ಸಿಕ್ಕಿಸಿದ್ದಾಳೆ. ಮಗಳಿಗೆ, ಸೊಸೆಗೆ, ನನಗೆ. "ರಾತ್ರಿ ನೀವು ಪಿಸುಗುಟ್ಟಿದ್ದು ಗೋಡೆಗೂ ಕೇಳಿಸ್ತು. ಹೊಟ್ಟೆ ನಂದು, ಜೀವ ನಂದು. ಅದರಲ್ಲಿ ಏನಿದೆ ಅಂತ ನಂಗೆ ಹೇಳದೆ ನೀವು ಏನು ಬಚ್ಚಿಡ್ತೀರಿ? ತೆಗೆದು ನೋಡ್ಲಿ. ನೋಡದೆ ಸಾಯೋಕೆ ನಂಗಿಷ್ಟ ಇಲ್ಲ" ಎಂದಳು. ಅಷ್ಟೇ. ಕಾಫಿ ಲೋಟ ಹಿಡಿದ ನನ್ನ ಕೈ ನಡುಗುತ್ತಿತ್ತು, ಅವಳದಲ್ಲ.

ಡಾಕ್ಟರಮ್ಮ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಾಗದ ಬರೆದುಕೊಟ್ಟರು. ಅಲ್ಲಿ ಎಂ.ಆರ್.ಐ. ಆಯಿತು. ಕತ್ತಿ ಸೋಕಿದರೆ ಹರಡುತ್ತದೆಯೇ ಎಂದು ಭಾವನವರು ಅಳುಕುತ್ತಲೇ ಕೇಳಿದರು. ಅವರು ನಗಲಿಲ್ಲ, ಬೈಯಲಿಲ್ಲ. "ಆಪರೇಷನ್ನಿಂದ ಕ್ಯಾನ್ಸರ್ ಹುಟ್ಟೋದಿಲ್ಲ. ಆದರೆ ಅನುಮಾನದ ಗಡ್ಡೆಗೆ ಹೊರಗಿಂದ ಸೂಜಿ ಚುಚ್ಚಬಾರದು, ಹೊಟ್ಟೆಯೊಳಗೆ ಅದನ್ನ ಒಡೆಯಬಾರದು. ಅದಕ್ಕೇ ಇಡಿಯಾಗಿ ಹೊರಗೆ ತೆಗೀತೀವಿ" ಎಂದು ಬಿಡಿಸಿ ಹೇಳಿದರು.

ಆಪರೇಷನ್ ದಿನ ಮತ್ತೊಂದು ಹೊಸ ವಿಷಯ ತಿಳಿಯಿತು. ಹೊಟ್ಟೆ ತೆರೆದು ಗಡ್ಡೆಯನ್ನು ತೆಗೆದ ಕೂಡಲೇ ಅದರ ಒಂದು ಚೂರನ್ನು ಮಂಜಿನಂತೆ ಗಟ್ಟಿಯಾಗಿಸಿ, ತೆಳ್ಳಗೆ ಕೊಯ್ದು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರಂತೆ. ಫ್ರೋಜನ್ ಸೆಕ್ಷನ್ ಎನ್ನುತ್ತಾರೆ. ರೋಗಿ ಇನ್ನೂ ಮೇಜಿನ ಮೇಲಿರುವಾಗಲೇ, ಸುಮಾರು ಅರ್ಧ ಗಂಟೆಯಲ್ಲಿ ಉತ್ತರ ಬರುತ್ತದೆ. ಕ್ಯಾನ್ಸರಾಗಿದ್ದರೆ ದೊಡ್ಡ ಆಪರೇಷನ್, ಅಲ್ಲದಿದ್ದರೆ ಅಷ್ಟಕ್ಕೇ ನಿಲ್ಲಿಸುವುದು.

ಹೊರಗೆ ಬೆಂಚಿನ ಮೇಲೆ ನಾವೆಲ್ಲ ದೇವರ ನಾಮ ಜಪಿಸುತ್ತಾ ಕೂತಿದ್ದೆವು. ಸರ್ಜನ್ ಹೊರಗೆ ಬಂದು ಹೇಳಿದ್ದು ಒಂದೇ ಮಾತು: "ಫೈಬ್ರೋಮಾ. ಕ್ಯಾನ್ಸರ್ ಅಲ್ಲ."

ಫೈಬ್ರೋಮಾ ಎಂದರೆ ನಾರುಗಡ್ಡೆ. ಅಂಡಾಶಯದ ಒಳಗಿನ ಆಧಾರದ ನಾರಿನಿಂದ ಬೆಳೆಯುವ, ನಿರಪಾಯದ ಗಡ್ಡೆ. ಆಮೇಲೆ ಫೋಟೋ ತೋರಿಸಿದರು. ಬಲಿತ ಕೊಬ್ಬರಿಯ ಹಾಗೆ ಬೆಳ್ಳಗೆ, ಗಟ್ಟಿಯಾಗಿತ್ತು. ಅಕ್ಕನ ವಯಸ್ಸು ನೋಡಿ, ಅವಳನ್ನು ಮೊದಲೇ ಕೇಳಿ ಒಪ್ಪಿಗೆ ಪಡೆದು, ಎರಡೂ ಅಂಡಾಶಯವನ್ನೂ ಗರ್ಭಕೋಶವನ್ನೂ ತೆಗೆದಿದ್ದರು.

ಹಾಗಾದರೆ ಎದೆಯ ನೀರು? ಅದೇ ಆಶ್ಚರ್ಯ. ಗಡ್ಡೆ ಹೋದ ಮೇಲೆ ನೀರು ತಾನಾಗಿಯೇ ಇಂಗಿತು! ಎರಡು ವಾರ ಬಿಟ್ಟು ಎಕ್ಸ್‌ರೇ ತೆಗೆದರೆ ಎದೆ ಸ್ವಚ್ಛ. ಇದಕ್ಕೆ ಮೇಗ್ಸ್ ಸಿಂಡ್ರೋಮ್ ಎಂದು ಹೆಸರು. ಅಮೆರಿಕದ ಬಾಸ್ಟನ್ನಿನಲ್ಲಿ ಜೋ ವಿನ್ಸೆಂಟ್ ಮೇಗ್ಸ್ ಎಂಬ ವೈದ್ಯರಿದ್ದರು. ಅವರು 1937ರಲ್ಲಿ ಇನ್ನೊಬ್ಬ ವೈದ್ಯರೊಂದಿಗೆ ಸೇರಿ, ಇಂಥ 7 ಮಂದಿ ಹೆಂಗಸರ ವಿಚಾರವನ್ನು ಪ್ರಕಟಿಸಿದರು. ಅಂಡಾಶಯದಲ್ಲಿ ನಾರುಗಡ್ಡೆ, ಹೊಟ್ಟೆಯಲ್ಲಿ ನೀರು, ಎದೆಯಲ್ಲಿ ನೀರು. ಗಡ್ಡೆ ತೆಗೆದರೆ ಎಲ್ಲವೂ ಮಾಯ. ಗಡ್ಡೆಯಿಂದ ಒಸರಿದ ನೀರು ಹೊಟ್ಟೆಯಲ್ಲಿ ತುಂಬಿ, ಹೊಟ್ಟೆಗೂ ಎದೆಗೂ ನಡುವಿನ ವಪೆಯ ಸಣ್ಣ ದಾರಿಗಳಿಂದ ಮೇಲೇರುತ್ತದೆ ಎಂದು ವೈದ್ಯರು ತಿಳಿಯುತ್ತಾರೆ. ಹೆಚ್ಚಾಗಿ ಬಲಗಡೆಯೇ. ಬಹಳ ಅಪರೂಪದ್ದು ಇದು. ಅಂಡಾಶಯದ ಗಡ್ಡೆಗಳಲ್ಲಿ 100ಕ್ಕೆ ಸುಮಾರು 4 ಮಾತ್ರ ಫೈಬ್ರೋಮಾ, ಆ ಫೈಬ್ರೋಮಾಗಳಲ್ಲೂ 100ಕ್ಕೆ ಸುಮಾರು ಒಂದರಲ್ಲಿ ಮಾತ್ರ ಹೀಗೆ ಎರಡೂ ಕಡೆ ನೀರು ತುಂಬುತ್ತದಂತೆ.

ಮತ್ತೆ ಆ 412? ಸಿಎ-125 ಎಂಬುದು ಕ್ಯಾನ್ಸರೊಂದರಲ್ಲೇ ಏರುವಂಥದ್ದಲ್ಲ. ಹೊಟ್ಟೆಯ ಟಿ.ಬಿ., ಎಂಡೋಮೆಟ್ರಿಯೋಸಿಸ್, ಗರ್ಭಕೋಶದ ಫೈಬ್ರಾಯ್ಡ್, ಪಿತ್ತಜನಕಾಂಗದ ಕಾಯಿಲೆ ಇದ್ದರೂ ಏರುತ್ತದೆ. ಮುಟ್ಟಿನ ದಿನಗಳಲ್ಲಿ, ಬಸಿರಿನಲ್ಲಿ ಸಹ ಏರಬಹುದು. ಅಕ್ಕನಿಗಾದಂತೆ ಹೊಟ್ಟೆಯಲ್ಲಿ ನೀರು ತುಂಬಿದಾಗಲೂ ಏರುತ್ತದೆ. ಇದರ ತಿರುಗುಮುರುಗೂ ನಿಜ. ಕ್ಯಾನ್ಸರ್ ಶುರುವಾಗಿದ್ದೂ ಕೆಲವರಿಗೆ ಈ ಅಂಕಿ 35ರ ಒಳಗೇ ಇರುವುದುಂಟು. ಆದ್ದರಿಂದ ಅಂಕಿ ನೋಡಿ ಅಳುವುದೂ ತಪ್ಪು, ಅಂಕಿ ನೋಡಿ ನಿಶ್ಚಿಂತೆಯಾಗಿರುವುದೂ ತಪ್ಪು.

ಸೋದರಿಯರೇ, ಇದನ್ನು ಓದಿ "ಹಾಗಾದ್ರೆ ನನ್ನದೂ ಸಾದಾ ಗಡ್ಡೆಯೇ ಇರಬಹುದು, ನೋಡೋಣ" ಎಂದು ಕೂತುಬಿಡಬೇಡಿ. ನಮ್ಮ ಅಕ್ಕನದು ಪುಣ್ಯ. ಮುಟ್ಟು ನಿಂತ ಮೇಲೆ ಗಟ್ಟಿ ಗಡ್ಡೆ, ಹೊಟ್ಟೆಯಲ್ಲಿ ನೀರು ಕಂಡರೆ ಅದನ್ನು ಕ್ಯಾನ್ಸರಿರಬಹುದು ಎಂದೇ ಭಾವಿಸಿ ಬೇಗ ಪರೀಕ್ಷೆ ಮಾಡಿಸಬೇಕು. ಕ್ಯಾನ್ಸರಾಗಿದ್ದರೂ ಬೇಗ ಹೋದವರಿಗೇ ಲಾಭ. ನಾನು ಹೇಳುವುದಿಷ್ಟೇ: ಭಯವೂ ಪರೀಕ್ಷೆಯಲ್ಲ, ಸಮಾಧಾನವೂ ಪರೀಕ್ಷೆಯಲ್ಲ. ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ ಬರುವ ವರದಿಯೊಂದೇ ನಿಜ.

ಆಪರೇಷನ್ ಎಂದರೆ ಕೈಕಾಲು ತಣ್ಣಗಾಗುವವರಿಗೆ ಒಂದು ಹಳೆಯ ಕಥೆ ಹೇಳುತ್ತೇನೆ. ಕಥೆಯಲ್ಲ, ನಡೆದದ್ದೇ. 1809ನೇ ಇಸವಿ, ಅಮೆರಿಕದ ಕೆಂಟಕಿ. ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆ, ನನ್ನ ಹಾಗೆಯೇ ನಲವತ್ತು ದಾಟಿದವಳು. ಹೊಟ್ಟೆ ಬೆಳೆಯುತ್ತಲೇ ಹೋಯಿತು, ಬಸಿರು ಎಂದೇ ಎಲ್ಲರೂ ತಿಳಿದರು. ದಿನ ತುಂಬಿದರೂ ಹೆರಿಗೆಯಾಗಲಿಲ್ಲ. ಎಫ್ರಾಯಿಂ ಮೆಕ್‌ಡೋವೆಲ್ ಎಂಬ ವೈದ್ಯರು ಬಂದು ನೋಡಿ, ಇದು ಅಂಡಾಶಯದ ಗಡ್ಡೆ, ಇದನ್ನು ತೆಗೆದು ಬದುಕಿಸಿದವರು ಇದುವರೆಗೆ ಯಾರೂ ಇಲ್ಲ, ಒಪ್ಪಿದರೆ ಪ್ರಯತ್ನಿಸುತ್ತೇನೆ ಎಂದು ಉಳಿಸದೆ ಹೇಳಿದರು. ಆಕೆ ಚಳಿಗಾಲದಲ್ಲಿ ಕುದುರೆ ಮೇಲೆ 60 ಮೈಲಿ ಪ್ರಯಾಣ ಮಾಡಿ ಡ್ಯಾನ್‌ವಿಲ್‌ನಲ್ಲಿದ್ದ ಅವರ ಮನೆಗೆ ಬಂದಳು. ಅರಿವಳಿಕೆ ಎಂಬುದು ಇನ್ನೂ ಇರಲಿಲ್ಲ. ಈಥರ್ ಕೊಟ್ಟು ಆಪರೇಷನ್ ಮಾಡಬಹುದೆಂದು ಬಾಸ್ಟನ್ನಿನಲ್ಲಿ ಜನರೆದುರು ತೋರಿಸಿದ್ದೇ 1846ರಲ್ಲಿ. ಎಚ್ಚರವಾಗಿದ್ದಾಗಲೇ ಆಕೆಯ ಹೊಟ್ಟೆಯಿಂದ ತೆಗೆದದ್ದು ಇಪ್ಪತ್ತೆರಡೂವರೆ ಪೌಂಡ್, ಅಂದರೆ ಹತ್ತು ಕಿಲೋ. ಐದನೆಯ ದಿನ ವೈದ್ಯರು ಹೋಗಿ ನೋಡಿದರೆ ಆಕೆ ಎದ್ದು ತನ್ನ ಹಾಸಿಗೆಯನ್ನು ತಾನೇ ಸರಿಮಾಡುತ್ತಿದ್ದಳು! ಆಮೇಲೆ 32 ವರ್ಷ ಬದುಕಿದಳು. ನಮಗಾದರೋ ಅರಿವಳಿಕೆ ಇದೆ, ಸ್ಕ್ಯಾನ್ ಇದೆ, ರಕ್ತ ಕೊಡುವವರಿದ್ದಾರೆ. ಆದರೂ ನಾವು ಮನೆಯಿಂದ ಹೊರಡಲು ಅವಳಿಗಿಂತ ಹೆಚ್ಚು ಯೋಚಿಸುತ್ತೇವೆ.

ಅಂಡಾಶಯದಲ್ಲಿ ಅಪರೂಪಕ್ಕೆ ಬರುವ ಬೇರೆ ನಿರಪಾಯದ ಗಡ್ಡೆಗಳೂ ಇವೆ. ಥೀಕೋಮಾ ಎಂಬುದು ಹೆಣ್ಣಿನ ಹಾರ್ಮೋನನ್ನು ಸುರಿಸುತ್ತದೆ. ಮುಟ್ಟು ನಿಂತ ಎಷ್ಟೋ ವರ್ಷದ ಮೇಲೆ ಮತ್ತೆ ರಕ್ತ ಕಾಣಿಸಿದರೆ ಅದರ ಹಿಂದೆ ಇದೂ ಇರಬಹುದು. ಆಗ ಗರ್ಭಕೋಶದ ಒಳಪದರವನ್ನೂ ಪರೀಕ್ಷೆ ಮಾಡಿಸಬೇಕು. ಸ್ಟ್ರೂಮಾ ಓವರಿ ಎಂಬುದು ಇನ್ನೂ ವಿಚಿತ್ರ. ಕತ್ತಿನಲ್ಲಿರಬೇಕಾದ ಥೈರಾಯ್ಡಿನ ಅಂಶ ಅಂಡಾಶಯದಲ್ಲಿ ಬೆಳೆದಿರುತ್ತದೆ! ಕೆಲವರಿಗೆ ಅದರಿಂದಲೇ ಎದೆ ಡವಡವ, ಬೆವರು, ತೂಕ ಇಳಿಯುವುದು. ಬ್ರೆನರ್ ಗಡ್ಡೆ ಸಾಮಾನ್ಯವಾಗಿ ಸಣ್ಣದು, ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಸಿಗುವಂಥದ್ದು. ಇವೆಲ್ಲ ಬಹುಪಾಲು ನಿರಪಾಯದವೇ. ಆದರೆ ಹೊರಗಿನಿಂದ ನೋಡಿ ಖಚಿತವಾಗಿ ಹೇಳಲು ಬರುವುದಿಲ್ಲ.

ಹರೆಯದ ಹೆಣ್ಣುಮಕ್ಕಳಿಗೆ ಗಡ್ಡೆ ಬಂದರೆ ತಾಯಂದಿರು ಮೊದಲು ಅಳುವುದು "ಮುಂದೆ ಮದುವೆ, ಮಕ್ಕಳು ಹೇಗೆ?" ಎಂದು. ನಿರಪಾಯದ ಗಡ್ಡೆಯಾದರೆ ಎಷ್ಟೋ ಸಲ ಗಡ್ಡೆಯನ್ನಷ್ಟೇ ಬಿಡಿಸಿ ಅಂಡಾಶಯವನ್ನು ಉಳಿಸುತ್ತಾರೆ. ಒಂದು ಕಡೆಯದು ಪೂರ್ತಿ ಹೋದರೂ ಇನ್ನೊಂದು ಚೆನ್ನಾಗಿದ್ದರೆ ಮುಟ್ಟೂ ಆಗುತ್ತದೆ, ಬಸಿರೂ ನಿಲ್ಲುತ್ತದೆ. ಮದುವೆಯಾಗದ ಹುಡುಗಿ ಎಂದು ಸ್ಕ್ಯಾನ್ ಮುಂದೂಡಬೇಡಿ. ಹೊಟ್ಟೆಯ ಮೇಲಿನಿಂದಲೇ ಮಾಡುವ ಸ್ಕ್ಯಾನ್ ಇದೆ.

ಈ ಕೆಳಗಿನವನ್ನು ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿಕೊಳ್ಳಿ.

ಇವು ಕಂಡರೆ ತಡಮಾಡಬೇಡಿ:

1. ಎರಡು ಮೂರು ವಾರವಾದರೂ ಇಳಿಯದ ಹೊಟ್ಟೆ ಉಬ್ಬರ. ಲಂಗ, ರವಿಕೆ ಇದ್ದಕ್ಕಿದ್ದಂತೆ ಬಿಗಿಯಾಗುವುದು.
2. ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು, ಪದೇ ಪದೇ ಮೂತ್ರ, ಕಿಬ್ಬೊಟ್ಟೆಯಲ್ಲಿ ಭಾರ.
3. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಸರಿ.
4. ಇದ್ದಕ್ಕಿದ್ದಂತೆ ಒಂದು ಪಕ್ಕ ತಡೆಯಲಾರದ ನೋವು, ವಾಂತಿ. ಗಡ್ಡೆ ತಿರುಚಿಕೊಂಡಿರಬಹುದು, ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ.

ಡಾಕ್ಟರನ್ನು ಕೇಳಬೇಕಾದದ್ದು:

1. ಗಡ್ಡೆ ನೀರಿನದೋ, ಗಟ್ಟಿಯೋ? ಎಷ್ಟು ದೊಡ್ಡದು?
2. ಆಪರೇಷನ್ ನಡೆಯುತ್ತಿರುವಾಗಲೇ ಗಡ್ಡೆಯನ್ನು ಪರೀಕ್ಷಿಸುವ ಸೌಕರ್ಯ ಇಲ್ಲಿದೆಯೇ?
3. ಏನೇನು ತೆಗೆಯುತ್ತೀರಿ? ಗರ್ಭಕೋಶ ತೆಗೆಯುವುದಾದರೆ ಯಾಕೆ?
4. ಕೊನೆಯ ವರದಿ ಎಂದು ಬರುತ್ತದೆ? ನಮಗೊಂದು ಪ್ರತಿ ಕೊಡುತ್ತೀರಾ?

ಡಾಕ್ಟರು ಕ್ಯಾನ್ಸರ್ ಆಸ್ಪತ್ರೆಗೆ ಕಾಗದ ಕೊಟ್ಟರೆ ಬೋರ್ಡು ನೋಡಿಯೇ ಎದೆಯೊಡೆದುಕೊಳ್ಳಬೇಡಿ. ಇಂಥ ಗಡ್ಡೆ ನೋಡಿ ನುರಿತವರು ಅಲ್ಲಿರುತ್ತಾರೆಂದು ಕಳಿಸುತ್ತಾರೆ. ಖರ್ಚಿನ ಚಿಂತೆ ಇದ್ದರೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ ಎಂದು ರೇಷನ್ ಕಾರ್ಡ್, ಆಧಾರ್ ಹಿಡಿದು ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ.

ಇನ್ನೊಂದು ಮಾತು, ಮನೆಯವರಿಗೆ. ಕಾಯಿಲೆ ಯಾರದೋ ಅವರಿಗೆ ಹೇಳದೆ ಪಿಸುಗುಟ್ಟಬೇಡಿ. ಅವರಿಗೆ ಗೊತ್ತಾಗಿಯೇ ಆಗುತ್ತದೆ. ಗೊತ್ತಾದ ಮೇಲೆ ಒಬ್ಬರೇ ಕೂತು ಒಡವೆ ಗಂಟು ಕಟ್ಟುತ್ತಾರೆ.

ಅಕ್ಕ ಈಗ ಗೆಲುವಾಗಿದ್ದಾಳೆ. ಎರಡು ತಿಂಗಳು ಭಾರ ಎತ್ತಬೇಡ ಎಂದಿದ್ದರು, ಅದೂ ಮುಗಿಯಿತು. ಮೊನ್ನೆ ಹೋಗಿದ್ದಾಗ ಅಟ್ಟದ ಮೇಲಿಂದಲೇ "ಬಂದ್ಯೇನೆ?" ಎಂದು ಕೂಗಿದಳು. ಉಸಿರು ತೇಕಲಿಲ್ಲ. ನನ್ನ ಹೆಸರಿನ ಗಂಟನ್ನು ಬಿಚ್ಚಿ ಆ ಸರವನ್ನು ತಾನೇ ಹಾಕಿಕೊಂಡಿದ್ದಳು. "ಇನ್ನೂ ಮೂವತ್ತು ವರ್ಷ ನಿಂಗೆ ಸಿಗಲ್ಲ ಬಿಡು" ಎಂದು ನಕ್ಕಳು. ದೀಪಾವಳಿಯಲ್ಲಿ ಅಂದ ಮಾತಿಗೆ ನಾನು ಕ್ಷಮೆ ಕೇಳಿದೆ. "ಅದಕ್ಯಾಕೆ ಅಳ್ತೀಯ? ನೀನು ಕೊಟ್ಟ ಲಾಡಿ ಈಗ ಎರಡು ಸುತ್ತು ಬರುತ್ತೆ, ತಗೊಂಡು ಹೋಗು" ಎಂದಳು.

ಬರುವಾಗ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಕಟ್ಟಿಕೊಟ್ಟಳು. ಬಾಯಲ್ಲಿಟ್ಟರೆ ಕರಗುವ ಆ ಮಿಠಾಯಿಯ ಹದವನ್ನು ಕೇಳಿ ಬರೆದುಕೊಂಡು ಬಂದಿದ್ದೇನೆ. ಮುಂದಿನ ಸಂಚಿಕೆಯಲ್ಲಿ ಉಪ್ಪಿನಕಾಯಿಯ ಜೊತೆಗೆ ಅದನ್ನೂ ಕೊಡುತ್ತೇನೆ. ಅಷ್ಟರೊಳಗೆ ನಿಮ್ಮ ಅಕ್ಕನನ್ನೋ, ಅಮ್ಮನನ್ನೋ, ಅತ್ತೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು "ಹೊಟ್ಟೆ ಹೇಗಿದೆ?" ಎಂದು ಒಂದು ಸಲ ಕೇಳಿಬಿಡಿ. ನಗದೆ ಕೇಳಿ.